ಮೇಲಿನ ಮಹಡಿಯ ಮಲ್ಲಿಗೆ

“ಇದೇ ಇರ್ಲಿ,” ಎಂದಳು ಮದುವಣಗಿತ್ತಿ.

ಇಷ್ಟು ಹೇಳಿಸಲು ಚೆಲ್ಲಕ್ಕಿಳಿ ಮಧ್ಯಾಹ್ನದ ಊಟ ಬಿಟ್ಟಿದ್ದಳು. ಬಿಳಿ ಗಾದಿಯ ಮೇಲೆ ರೇಷ್ಮೆ ಸೀರೆಗಳ ಗುಡ್ಡೆ ಬಿದ್ದಿತ್ತು. ಹುಡುಗಿಯ ತಾಯಿ ಪ್ರತಿಯೊಂದರಲ್ಲೂ ಏನಾದರೊಂದು ಕೊಂಕು ತೆಗೆದಿದ್ದಳು. ತನ್ನ ಮದುವೆಯ ಸೀರೆಯಲ್ಲಿದ್ದಂಥ ಜರಿ ಈಗ ಭೂಮಿಯ ಮೇಲೇ ಇಲ್ಲವೆಂದು ಸೋದರತ್ತೆ ಆಗಾಗ ತೀರ್ಪು ಕೊಡುತ್ತಿದ್ದಳು. ಚೆಲ್ಲಕ್ಕಿಳಿ ಮಾತ್ರ ಹುಡುಗಿಯ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಎಷ್ಟು ಸೀರೆ ಬಿಚ್ಚಿದರೂ ಆ ಬೆರಳುಗಳು ತಿರುಗಿ ತಿರುಗಿ ಅರಗು ಕೆಂಪಿನ ಒಂದು ಸೆರಗಿಗೇ ಬರುತ್ತಿದ್ದವು.

ಅದು ಸಂಬೂರಣಂ ಅಕ್ಕ ಹೇಳಿಕೊಟ್ಟ ಪಾಠ. “ಗಿರಾಕಿ ಬಾಯಿ ನಂಬ್ಬೇಡ ಕಣೇ, ಬೆರಳು ನೋಡು. ಬಾಯಿ ಬೇಡ ಅನ್ನುತ್ತೆ, ಬೆರಳು ಬಿಡಲ್ಲ.” ಮಧುರೈಯ ತೆಂಕಣ ಮಾಸಿ ಬೀದಿಯ ಆ ಜವಳಿ ಅಂಗಡಿಯಲ್ಲಿ ಸಂಬೂರಣಂ ಕೈಕೆಳಗೆ ಕೆಲಸ ಕಲಿಯುವುದೆಂದರೆ ಅತ್ತೆಮನೆಯಲ್ಲಿ ಬಾಳುವೆ ಮಾಡಿದ ಹಾಗೆ ಎನ್ನುತ್ತಿದ್ದರು. ಚೆಲ್ಲಕ್ಕಿಳಿ ಅದನ್ನೂ ಸಹಿಸಿಕೊಂಡು ಕಲಿತಳು. ಸೀರೆಯನ್ನು ಒಂದೇ ಬೀಸಿಗೆ ಹರಡುವುದು, ಮಡಿಕೆ ಕೆಡದಂತೆ ಮತ್ತೆ ಸುತ್ತುವುದು, ಕೊಳ್ಳದೆ ಹೋದವರಿಗೂ ನಗುತ್ತ “ಹೋಗ್ಬಿಟ್ಟು ಬನ್ನಿ” ಎನ್ನುವುದು ಎಲ್ಲವೂ ಕೈಗೂ ಬಾಯಿಗೂ ಬಂದಿದ್ದವು. ಈ ತಿಂಗಳು ಕಳೆದರೆ ಕಲಿಕೆಯ ಅವಧಿ ಮುಗಿಯುತ್ತಿತ್ತು. ಆಮೇಲೆ ಇಟ್ಟುಕೊಳ್ಳುವುದೋ ಕಳಿಸುವುದೋ ಮಾಲೀಕರಾದ ಅಣ್ಣಾಚಿಯ ಕೈಯಲ್ಲಿತ್ತು.

ಮೇಲಿನ ಮಹಡಿಯಲ್ಲಿ ಮುಹೂರ್ತದ ಸೀರೆಗಳು ಮಾತ್ರ. ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಪ್ರತಿ ಬೆಳಿಗ್ಗೆ ಅಂಗಡಿಯಿಂದಲೇ ಒಂದೊಂದು ಮೊಳ ಮಲ್ಲಿಗೆ. ಬರಿಮುಡಿಯಲ್ಲಿ ಮದುವೆ ಸೀರೆ ತೋರಿಸಿದರೆ ಕೊಳ್ಳುವವರು ಯಾರು? ಚೆಲ್ಲಕ್ಕಿಳಿ ಆ ಹೂ ಮುಡಿದು ದಿನವಿಡೀ ಸೀರೆ ಹರಡುತ್ತಿದ್ದಳು. ಸಂಜೆ ಬಸ್ ನಿಲ್ದಾಣದ ಗೋಡೆಯ ಮರೆಯಲ್ಲಿ ನಿಂತು ಅದನ್ನು ಬಿಚ್ಚಿ, ಖಾಲಿ ಬುತ್ತಿ ಡಬ್ಬಿಯಲ್ಲಿಟ್ಟು ತನ್ನೂರು ಸೋಳವಂದಾನಿನ ಬಸ್ಸು ಹತ್ತುತ್ತಿದ್ದಳು. ಊರಿನಲ್ಲಿ ಅವಳು ಹೂ ಮುಡಿಯುವ ಹಾಗಿರಲಿಲ್ಲ. ಕೆಲಸಕ್ಕೆ ಸೇರುವಾಗ ಅಣ್ಣಾಚಿ ಕೇಳಿದ್ದಕ್ಕೆ, ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನೆ ಎಂದಿದ್ದಳು. ಒಂದು ವರ್ಷ ಮುಂಚೆ ಕೇಳಿದ್ದರೆ ಅದು ನಿಜವೇ ಆಗಿತ್ತು. ಅವನು ಅಲ್ಲೇ ಕಾಮಾಲೆಯಾಗಿ ತೀರಿಕೊಂಡಿದ್ದ.

ಮನೆಯಲ್ಲಿ ನಾಲ್ಕು ವರ್ಷದ ಇನಿಯಾ ಹೊಸಿಲ ಮೇಲೆ ಕೂತು ಕಾಯುತ್ತಿದ್ದಳು. ಅಮ್ಮ ಬಂದೊಡನೆ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆಯುವುದು, ಬಾಡಿದ ಮಲ್ಲಿಗೆಯನ್ನು ಕನ್ನಡಿಯ ಮುಂದೆ ಮುಡಿದು ಮೆರೆಯುವುದು ಅವಳ ಸಂಭ್ರಮ. ಅಮ್ಮನ ಅಂಗಡಿ ಅಂದರೆ ಮಲ್ಲಿಗೆ ಬೆಳೆಯುವ ಜಾಗ ಎಂದೇ ಮಗು ನಂಬಿತ್ತು.

ಸುಳ್ಳು ಹೇಗೋ ನಡೆಯುತ್ತಿತ್ತು. ಒಂದು ಕಡೆ ಮಾತ್ರ ಅವಳ ಕಾಲು ಎಡವುತ್ತಿತ್ತು. ಮುಹೂರ್ತದ ಸೀರೆ ಗೊತ್ತಾದೊಡನೆ ಅದನ್ನು ತಟ್ಟೆಯಲ್ಲಿಟ್ಟು, ವೀಳ್ಯದೆಲೆ ಹಾಕಿ, ಅಂಚಿಗೆ ಅರಿಸಿನ ಕುಂಕುಮ ಹಚ್ಚಿ ಮದುವಣಗಿತ್ತಿಯ ಸೆರಗಿಗೆ ಕೊಡಬೇಕು. ಮಾರಿದವಳೇ ಕೊಡುವುದು ಆ ಅಂಗಡಿಯ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಚೆಲ್ಲಕ್ಕಿಳಿ ನೀರಿಗೋ ಚೀಲ ತರುವುದಕ್ಕೋ ಬಚ್ಚಲಿಗೋ ಓಡುತ್ತಿದ್ದಳು.

“ತಟ್ಟೆ ಕಂಡಾಗ್ಲೇ ನಿನ್ನ ಹೊಟ್ಟೆ ಕೆಡುತ್ತಲ್ಲೇ! ಬೆಳಿಗ್ಗೆ ಏನ್ ತಿಂತೀಯ?” ಎಂದು ಸಂಬೂರಣಂ ಚುಚ್ಚುತ್ತಿದ್ದಳು.

ಇವತ್ತೂ ತಟ್ಟೆ ಬಂತು. ಚೆಲ್ಲಕ್ಕಿಳಿ ಮೆಲ್ಲಗೆ ಎದ್ದಳು. “ಅಕ್ಕಾ, ನೀವು ಕೊಡ್ತಾ ಇರಿ. ನಾನು ಇವರಿಗೆಲ್ಲ ರೋಸ್‌ಮಿಲ್ಕ್ ತರ್ತೀನಿ.”

“ಊಹುಂ,” ಎಂದು ಹುಡುಗಿ ಸೀರೆಯನ್ನು ಎದೆಗೊತ್ತಿಕೊಂಡೇ ಇನ್ನೊಂದು ಕೈಯಿಂದ ಅವಳ ಕೈ ಹಿಡಿದು ಜಗ್ಗಿದಳು. ತೇನ್‌ಮೊಳಿ ಎಂದು ಅವಳ ಹೆಸರು, ಜೇನುನುಡಿಯವಳೆಂದು ಅರ್ಥ; ಮಾತೂ ಹೆಸರಿನ ಹಾಗೆಯೇ ಸಿಹಿ. “ರೋಸ್‌ಮಿಲ್ಕ್ ಎಲ್ಲೂ ಓಡಿಹೋಗಲ್ಲ. ಬೆಳಿಗ್ಗೆಯಿಂದ ನಮ್ಮಮ್ಮನ ಕೈಲಿ ಅನ್ನಿಸಿಕೊಂಡಿದ್ದು ನೀವು. ನೀವೇ ಕೊಡಿ ಅಕ್ಕಾ.”

“ಕೊಡಮ್ಮ,” ಎಂದಳು ತಾಯಿಯೂ. “ಕಳೆಕಳೆಯಾಗಿದೀಯ. ನಿನ್ನ ಕೈಯಿಂದ್ಲೇ ಆಗ್ಲಿ.”

ಸಂಬೂರಣಂ ತಟ್ಟೆಯನ್ನು ತಂದು ಚೆಲ್ಲಕ್ಕಿಳಿಯ ಮುಂದೆ ಇಟ್ಟು, ಕೈಕಟ್ಟಿ ನಿಂತಳು. ಅವಳಿಗೆ ಏನೋ ಅನುಮಾನ ಎಂದೋ ಹುಟ್ಟಿರಬೇಕು.

ಕೊಟ್ಟುಬಿಡುವುದು ಎಂದು ಚೆಲ್ಲಕ್ಕಿಳಿ ನಿಶ್ಚಯಿಸಿದಳು. ಯಾರಿಗೆ ತಿಳಿಯುತ್ತದೆ? ಕುಂಕುಮಕ್ಕೆ ಬೆರಳು ಅದ್ದಿದಳು. ಹಾಗೆ ಅದ್ದಿ ತಲೆಯೆತ್ತಿದಾಗ ಕಂಬದ ಪಕ್ಕದ ಬೆಂಚು ಕಣ್ಣಿಗೆ ಬಿತ್ತು.

ಅಲ್ಲಿ ಹುಡುಗಿಯ ಅಜ್ಜಿ ಕೂತಿದ್ದಳು. ಬೆಳಿಗ್ಗೆ ಬಂದಾಗಿನಿಂದ ಅಲ್ಲೇ. ಬರಿ ಹಣೆ, ಮಾಸಲು ಸೀರೆ. ಗಾದಿಯ ಹತ್ತಿರ ಬಾ ಎಂದು ಮೊಮ್ಮಗಳು ಕರೆದಾಗಲೆಲ್ಲ “ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ ಪುಟ್ಟಾ” ಎನ್ನುತ್ತಿದ್ದಳು. ಆ ಅರಗು ಕೆಂಪಿನ ಸೀರೆಯನ್ನು ಮೊದಲು ಕಂಡಿದ್ದೂ ಅವಳ ಕಣ್ಣೇ. ಈಗ ಅದರತ್ತ ನೋಡುತ್ತಿದ್ದ ಮುಖದಲ್ಲಿ ಸಂತೋಷ ತುಂಬಿತ್ತು. ಆದರೆ ಬೆರಳು ನೋಡಿ ಅಭ್ಯಾಸವಾದ ಚೆಲ್ಲಕ್ಕಿಳಿ ಬೆರಳುಗಳನ್ನೇ ನೋಡಿದಳು. ಮುದುಕಿ ಎರಡೂ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದು ಬಿಗಿಯಾಗಿ ಹಿಡಿದಿದ್ದಳು. ಸಾಕಿ ಬೆಳೆಸಿದ ಮೊಮ್ಮಗಳ ಮದುವೆ ಸೀರೆಯನ್ನು ಒಮ್ಮೆ ಸವರಿ ನೋಡುವ ಆಸೆ ಆ ಕೈಗಳಿಗೆ ಎಷ್ಟಿತ್ತೋ! ಹುಡುಗಿಗೆ ಕೆಟ್ಟದಾಗಬಾರದೆಂದು ದಿನವಿಡೀ ಅವನ್ನು ಕಟ್ಟಿಹಾಕಿಕೊಂಡು ಕೂತಿದ್ದಳು.

ಆ ಮುದುಕಿಗೆ ಮೋಸ ಮಾಡಲು ಚೆಲ್ಲಕ್ಕಿಳಿಗೆ ಆಗಲಿಲ್ಲ. ಅವಳೇ ಮುಟ್ಟದ್ದನ್ನು ನಾನು ಹೇಗೆ ಕೊಡಲಿ ಎನ್ನಿಸಿತು. ಕುಂಕುಮದ ಬೆರಳನ್ನು ಎಲೆಗೆ ಒರೆಸಿದಳು.

“ನಾನು ಕೊಡ್ಬಾರ್ದಮ್ಮಾ,” ಎಂದಳು. “ನಮ್ಮೆಜಮಾನ್ರು ಹೋಗ್ಬಿಟ್ಟಿದಾರೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೋದರತ್ತೆಯ ಕಣ್ಣು ಒಮ್ಮೆ ಅವಳ ತಲೆಯ ಮಲ್ಲಿಗೆಗೆ ಹೋಗಿ ಬಂತು. ತಾಯಿ ಹುಡುಗಿಯ ಎದೆಯಿಂದ ಆ ಸೀರೆಯನ್ನು ಬಿಡಿಸಿ, ನಾಜೂಕಾಗಿ ಗಾದಿಯ ಅಂಚಿಗೆ ಸರಿಸಿದಳು. ಆಮೇಲೆ ಸಂಬೂರಣಂ ಕಡೆ ತಿರುಗಿ, “ಬೇರೆ ಏನಾದ್ರೂ ತೋರ್ಸಿ. ನೀವೇ ತೋರ್ಸಿ,” ಎಂದಳು. “ಅಮ್ಮಾ, ನಂಗೆ ಅದೇ…” ಎಂದ ತೇನ್‌ಮೊಳಿಯ ಬಾಯಿ ತಾಯಿಯ ಒಂದು ನೋಟಕ್ಕೆ ಮುಚ್ಚಿತು. ಬೇರೆ ಯಾವುದೂ ಅವರ ಮನಸ್ಸಿಗೆ ಬರಲಿಲ್ಲ. ಅಷ್ಟು ಹೊತ್ತು ಕೂತವರು ಬರಿಗೈಯಲ್ಲಿ ಎದ್ದರು.

ಎಲ್ಲರೂ ಇಳಿದ ಮೇಲೆ ಅಜ್ಜಿ ಕೊನೆಯಲ್ಲಿ ಮೆಟ್ಟಿಲ ಬಳಿ ಬಂದಳು. ಹಿಡಿಕಂಬಿ ಬಿಟ್ಟು ಚೆಲ್ಲಕ್ಕಿಳಿಯ ಮುಂಗೈ ಹಿಡಿದಳು. ಆ ಹಿಡಿತಕ್ಕೆ ನೋವಾಯಿತು.

“ಯಾಕೆ ಬಾಯಿಬಿಟ್ಟೆ, ಹುಚ್ಚಿ?” ಎಂದಳು. “ಸುಮ್ನೆ ಕೊಟ್ಟಿದ್ರೆ ಯಾರಿಗ್ ಗೊತ್ತಾಗ್ತಿತ್ತು? ಮಗು ಆಸೆಪಟ್ಟು ಹಿಡ್ಕೊಂಡಿತ್ತಲ್ಲೇ!”

ಚೆಲ್ಲಕ್ಕಿಳಿಯ ಬಾಯಿ ಅಭ್ಯಾಸಬಲದಿಂದ “ಹೋಗ್ಬಿಟ್ಟು ಬನ್ನಿ” ಎಂದಿತು.

ಅಂಗಡಿ ಮುಚ್ಚುವ ಮುಂಚೆ ಅಣ್ಣಾಚಿ ಕರೆಸಿದರು. ಹಣೆ ತುಂಬ ವಿಭೂತಿ ಬಳಿದ, ಜಿರಳೆಯನ್ನೂ ಹೊಡೆಯಲಾರದ ಮನುಷ್ಯ. ಕೆಲಸ ಹೋಯಿತೆಂದೇ ಚೆಲ್ಲಕ್ಕಿಳಿ ಚೀಲ ತೋಳಿಗೆ ಹಾಕಿಕೊಂಡು ಬಂದಿದ್ದಳು.

“ಮೊದ್ಲೇ ಹೇಳೋದಲ್ವಾ ತಾಯಿ?” ಎಂದರು.

“ಹೇಳಿದ್ರೆ ತಗೋತಿದ್ರಾ ಅಣ್ಣಾಚಿ?”

ಹಿಂದೆಯೇ ಬಂದಿದ್ದ ಸಂಬೂರಣಂ ಮಧ್ಯೆ ಬಾಯಿ ಹಾಕಿದಳು. “ಅಣ್ಣಾಚಿ, ನಾನು ಕಲಿಸಿದವರಲ್ಲಿ ಇಂಥ ಕೈ ಇಲ್ಲ. ಕಳಿಸ್ಬೇಡಿ. ತಟ್ಟೆ ಬೇಕಾದ್ರೆ ನಾನೇ ಕೊಡ್ತೀನಿ.”

“ಕಳಿಸ್ತೀನಿ ಅಂತ ಯಾರಂದ್ರು? ನಾಳೆಯಿಂದ ಕಾಯಂ ಮಾಡ್ಕೊಂಡಿದೀನಿ.” ಅಣ್ಣಾಚಿ ಮೇಜಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿದರು. “ಕೆಳಗೆ. ಮೆಟ್ಟಿಲ ಹಿಂದೆ, ವೇಲುಚ್ಚಾಮಿ ಜಾಗದಲ್ಲಿ. ಅವನಿಗೂ ವಯಸ್ಸಾಯ್ತು. ಮತ್ತೆ… ಅಲ್ಲಿಗೆ ಹೂ ಬೇಡ ತಾಯಿ.”

ಮೆಟ್ಟಿಲ ಹಿಂದಿನ ಮೂಲೆಯಲ್ಲಿ ಕೋಡಿ ಬಟ್ಟೆ ಮಾರುತ್ತಾರೆ. ಸಾವಿನ ಮನೆಗೆ ಒಯ್ಯುವ ಹೊಸ ಬಟ್ಟೆ ಅದು. ಹೆಣದ ಮೇಲೆ ಹೊದಿಸಲು ಪಂಚೆ, ಗಂಡನನ್ನು ಕಳೆದುಕೊಂಡವಳಿಗೆ ತವರಿನವರು ಮಡಿಕೆಯಲ್ಲೇ ಹೆಗಲಿಗೆ ಹಾಕುವ ಸೀರೆ. ಅಲ್ಲಿ ಕನ್ನಡಿಯಿಲ್ಲ. ಸೀರೆ ಹರಡುವ ಹಾಗಿಲ್ಲ, ಮಡಿಕೆಯಲ್ಲೇ ತೋರಿಸಬೇಕು. ನಗುವ ಹಾಗಿಲ್ಲ. “ಬನ್ನಿ” ಎನ್ನುವ ಹಾಗಿಲ್ಲ, “ಮತ್ತೆ ಬನ್ನಿ” ಎನ್ನುವ ಮಾತಂತೂ ಪಾಪ. ಕಲಿತದ್ದನ್ನೆಲ್ಲ ಚೆಲ್ಲಕ್ಕಿಳಿ ಮರೆಯಬೇಕಾಗಿತ್ತು.

ಮರುದಿನ ಬೆಳಿಗ್ಗೆ ಹೂವಿನವಳು ಬುಟ್ಟಿಯಿಂದ ಮೊಳ ಹಾಕಿ ಕತ್ತರಿಸಿ ಒಬ್ಬೊಬ್ಬರಿಗೂ ಕೊಟ್ಟಳು. ಚೆಲ್ಲಕ್ಕಿಳಿಯ ಹತ್ತಿರ ಬಂದು, ಯಾರೋ ಹೇಳಿದ್ದು ನೆನಪಾಗಿ, ದಾರವನ್ನು ಮತ್ತೆ ಬುಟ್ಟಿಗೆ ಬಿಟ್ಟಳು.

ಹೊತ್ತು ಏರಿದ ಮೇಲೆ ಚಪ್ಪಲಿಯಿಲ್ಲದ ಒಬ್ಬ ಗಂಡಸು ಬಂದು ಮೂಲೆಯಲ್ಲಿ ನಿಂತ. ಮೂವತ್ತರ ವಯಸ್ಸು, ಕ್ಷೌರ ಕಾಣದ ಕೆನ್ನೆ. ಏನು ಬೇಕೆಂದು ಅವಳು ಕೇಳಲಿಲ್ಲ.

“ತಂಗಿಗೆ,” ಎಂದ ಅವನು. “ಯಾವ ಬಣ್ಣ ಕೊಡಿಸ್ಬೇಕು?”

ಚೆಲ್ಲಕ್ಕಿಳಿಯ ಅಣ್ಣನೂ ಹೀಗೇ ಯಾವುದೋ ಅಂಗಡಿಯ ಮೂಲೆಯಲ್ಲಿ ನಿಂತಿದ್ದಿರಬೇಕು. ಅವನು ತಂದದ್ದು ಬೂದಿ ಬಣ್ಣದ್ದು. ಅವಳು ಇವತ್ತಿಗೂ ಅದನ್ನು ಬಿಚ್ಚಿಲ್ಲ.

“ಅವರಿಗೆ ಯಾವ ಬಣ್ಣ ಇಷ್ಟ?” ಎಂದಳು.

ಆ ಮೂಲೆಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅವನು ಬೆಪ್ಪಾಗಿ ನೋಡಿದ. ಆಮೇಲೆ ಮುಖ ಮುದುಡಿತು. “ಹಸಿರು,” ಎಂದು ಹೇಳುವಷ್ಟರಲ್ಲಿ ಅತ್ತುಬಿಟ್ಟ. ಅವಳು ಗಿಳಿಹಸಿರಿನದೊಂದನ್ನು ತೆಗೆದು, ಬಿಚ್ಚದೆ, ಬರಿಯ ಕಾಗದದಲ್ಲಿ ಸುತ್ತಿಕೊಟ್ಟಳು. ನಾಲಿಗೆಯ ತುದಿಗೆ ಬಂದ “ಹೋಗ್ಬಿಟ್ಟು ಬನ್ನಿ” ಎನ್ನುವುದನ್ನು ನುಂಗಿದಳು. ಅವನು ತಿರುಗಿ ನೋಡದೆ ಹೋದ.

ಸಂಜೆ ನಿಲ್ದಾಣದ ಗೋಡೆಯ ಮರೆಗೆ ಹೋಗುವ ಕೆಲಸವಿರಲಿಲ್ಲ. ನೇರ ಬಸ್ಸು ಹತ್ತಿದಳು.

“ಕಾಯಂ ಆಯ್ತಾ?” ಎಂದು ಚೆಲ್ಲಕ್ಕಿಳಿಯ ತಾಯಿ ಒಲೆಯ ಮುಂದಿನಿಂದಲೇ ಕೂಗಿದಳು. ನಿನ್ನೆ ಮಗಳು ಎಷ್ಟು ಹೇಳಿದರೂ ಅವಳು ನಂಬಿರಲಿಲ್ಲ.

“ಆಯ್ತಮ್ಮ.”

“ತಾಯಿ ಮೀನಾಕ್ಷಿ ಕಣ್ಬಿಟ್ಲು!” ಎಂದು ಮುದುಕಿ ಹಿಟ್ಟಿನ ಕೈಯಲ್ಲೇ ಮುಗಿದಳು.

ಇನಿಯಾ ಅಷ್ಟರಲ್ಲಿ ಚೀಲದಿಂದ ಡಬ್ಬಿ ತೆಗೆದಿದ್ದಳು. ಮುಚ್ಚಳ ತೆರೆದು, ಒಳಗೆ ನೋಡಿ, ಅಮ್ಮನ ಮುಖ ನೋಡಿದಳು.

“ಹೂವೆಲ್ಲಿ?”

“ಅಮ್ಮಂಗೆ ಕೆಳಗಡೆ ಕೆಲ್ಸ ಕೊಟ್ಟಿದಾರೆ ಕಂದಾ.”

“ಕೆಳಗಡೆ ಹೂ ಬಿಡಲ್ವಾ?”

“ಇಲ್ಲ.”

ಮಗು ಡಬ್ಬಿಯೊಳಗೆ ಮೂಗು ತೂರಿಸಿ ಉದ್ದಕ್ಕೆ ಉಸಿರೆಳೆಯಿತು. ಮುಚ್ಚಳ ಹಾಕಿ, ಎರಡೂ ಅಂಗೈಗಳಿಂದ ಒತ್ತಿ ಬಿಗಿಮಾಡಿತು.

“ಅಜ್ಜೀ,” ಎಂದು ಒಳಗೆ ಕೂಗಿತು, “ಇದನ್ನ ತೊಳೀಬೇಡ.”