ಎರಡು ಅಕ್ಕಿಕಾಳಿನಷ್ಟು ಜಾಗ

ಮೇಸ್ತ್ರಿಯ ಪ್ರಕಾರ ದೋಣಿಯ ಮೋಟಾರು ಬಿಚ್ಚಲು ಬರುವ ಮನುಷ್ಯ ಈ ಪ್ರಪಂಚದಲ್ಲಿ ಒಬ್ಬನೇ ಇದ್ದ; ಅವನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣಿಸುತ್ತಿದ್ದ. ಉಳಿದವರೆಲ್ಲ ಕೈಗೊಂದು ಸ್ಪ್ಯಾನರ್ ಸಿಕ್ಕಿತೆಂದು ಮೆರೆಯುವವರು. ದಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ಅವನ ಜೊತೆ ದುಡಿಯುತ್ತಿದ್ದ ಮಗಳಿಗೂ ಈ ಪಟ್ಟಿಯಿಂದ ವಿನಾಯಿತಿ ಇರಲಿಲ್ಲ. ಅವನ ಬಾಯಿಂದ "ಪರವಾಗಿಲ್ಲ" ಎಂಬ ಒಂದು ಮಾತು ಉದುರೀತೆಂಬ ಆಸೆಯನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಅವಳ ಸಿಟ್ಟು ಅದಕ್ಕಲ್ಲ. ಒಂಬತ್ತು ವರ್ಷದ ಹಿಂದೆ ಚಿಕ್ಕಪ್ಪನೂ ಇದೇ ಶೆಡ್ಡಿನಲ್ಲಿದ್ದ. ಒಂದು ದಿನ ಹೊಳೆ ದಾಟಿಸುವ ದೋಣಿಯವನ ಹಳೇ ಮೋಟಾರಿನ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟಿಗೆ ನೀರು ತಡೆಯುವ ಹೊಸ ರಬ್ಬರ್ ಸೀಲ್ ಜೋಡಿ ಹಾಕಿದವನು, ಅದನ್ನು ಗೂಡಿನ ತಳ ಮುಟ್ಟುವವರೆಗೆ ಹೊಡೆಯದೆ ಎರಡು ಅಕ್ಕಿಕಾಳಿನಷ್ಟು ಈಚೆಗೇ ಬಿಟ್ಟಿದ್ದ. ಮೇಸ್ತ್ರಿಗೆ ಅಷ್ಟು ಸಾಕಾಯಿತು. "ಪೂರ್ತಿ ಒಳಗೆ ಕೂರಿಸೋಕೂ ಮೈ ಬಗ್ಗಲ್ವೇನೋ ಸೋಮಾರಿ?" ಎಂದು ನಾಲ್ಕು ಗಿರಾಕಿಗಳ ಎದುರು ತಮ್ಮನ ಮಾನ ಹರಾಜು ಹಾಕಿದ. "ಕಾರಣ ಇದೆ ಅಣ್ಣ, ಶಾಫ್ಟ್ ನೋಡು," ಎಂದ ಚಿಕ್ಕಪ್ಪ. ನೋಡುವುದು ಮೇಸ್ತ್ರಿಯ ಜಾಯಮಾನದಲ್ಲೇ ಇರಲಿಲ್ಲ. ಸುತ್ತಿಗೆ ಕೇಳಿದ. ತೆಗೆದು ಕೊಟ್ಟವಳು ಮಗಳೇ. ಮೇಸ್ತ್ರಿ ತಾನೇ ಸೀಲನ್ನು ತಳ ಮುಟ್ಟ ಹೊಡೆದ. ಅಂದೇ ಹೊಳೆ ದಾಟಿ ಹೋದ ಚಿಕ್ಕಪ್ಪ ಆಚೆ ದಡದಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಮೇಸ್ತ್ರಿ ಆಮೇಲೆ ಆ ದಡದ ಕಡೆ ಮುಖ ಹಾಕಿ ಕೂರುವುದನ್ನೂ ಬಿಟ್ಟ. ಸುತ್ತಿಗೆ ಕೊಟ್ಟ ತನ್ನ ಕೈ ನೆನಪಾದರೆ ಮಗಳಿಗೆ ಈಗಲೂ ನಾಚಿಕೆಯಾಗುತ್ತಿತ್ತು.

ಈಗ ಅದೇ ಮೋಟಾರು ಗುರುಗುಟ್ಟುತ್ತ ಮತ್ತೆ ಶೆಡ್ಡಿಗೆ ಬಂದಿತ್ತು. ಮಗಳು ಪ್ರೊಪೆಲ್ಲರ್ ಕಳಚಿ ಅಡಿಯ ತಿರುಪು ಬಿಚ್ಚಿದಳು. ಗೇರ್ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿ ಇಳಿಯಿತು.

"ಒಳಗೆ ನೀರು ಹೋಗಿದೆ," ಎಂದಳು.

"ಯಾವ ಕತ್ತೆ ಮುಟ್ಟಿದ್ದು ಇದನ್ನ?" ಮೇಸ್ತ್ರಿ ಕುರ್ಚಿಯಿಂದಲೇ ಗುಡುಗಿದ.

ದೋಣಿಯವನು ತಲೆ ಕೆರೆದುಕೊಂಡ. "ಅವತ್ತು ನೀವು ಹೊಡೆದ ಮೇಲೆ ಸೀಲಿಗೆ ಇನ್ಯಾರೂ ಕೈ ಹಾಕಿಲ್ಲ ಮೇಸ್ತ್ರಿ. ಆಗಿನಿಂದ್ಲೂ ಹೀಗೇ. ತಿಂಗಳು ತಿಂಗಳು ನಾನೇ ಆಯಿಲ್ ಬದಲಾಯಿಸ್ಕೊಂಡು ಓಡಿಸ್ತಿದ್ದೆ."

"ಒಂಬತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನಿಮ್ಮ ಹತ್ರ ಬೈಸ್ಕೊಳ್ಳೋದಕ್ಕಿಂತ ಆಯಿಲ್ ಅಗ್ಗ."

ಮಗಳು ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಮೇಸ್ತ್ರಿಗೆ ಅದೇನೂ ನಾಟಲಿಲ್ಲ. ರಬ್ಬರ್ ಅಂದಮೇಲೆ ಸವೆಯುತ್ತದೆ, ಹೊಸದನ್ನು ತಳ ಮುಟ್ಟ ಹೊಡಿ ಎಂದು ಅಪ್ಪಣೆ ಕೊಟ್ಟು ಕಾಲು ಚಾಚಿದ.

ತುಕ್ಕು ಹಿಡಿದ ಬೇರಿಂಗನ್ನೂ ಹಳೇ ಸೀಲ್‌ಗಳನ್ನೂ ಕಿತ್ತು ಅವಳು ಶಾಫ್ಟನ್ನು ಸೀಮೆಎಣ್ಣೆಯಲ್ಲಿ ಒರೆಸುತ್ತಿದ್ದಾಗ ಹೆಬ್ಬೆರಳಿನ ಉಗುರು ಎಲ್ಲೋ ತಡೆಯಿತು. ಮತ್ತೆ ಎಳೆದಳು, ಮತ್ತೆ ಅಲ್ಲೇ ತಡೆಯಿತು. ಸೀಲಿನ ತುಟಿಯಂಥ ರಬ್ಬರ್ ಅಂಚು ವರ್ಷಗಟ್ಟಲೆ ಒಂದೇ ಕಡೆ ಉಜ್ಜಿ ಉಕ್ಕಿನ ಸುತ್ತ ಸಣ್ಣ ಗೀರು ತೋಡಿತ್ತು. ತಳ ಮುಟ್ಟ ಹೊಡೆದರೆ ಹೊಸ ತುಟಿಯೂ ಆ ಹಳ್ಳಕ್ಕೇ ಬೀಳುತ್ತದೆ, ಹಿಡಿತ ಸಿಗುವುದಿಲ್ಲ. ಎರಡು ಅಕ್ಕಿಕಾಳಿನಷ್ಟು ಈಚೆ ನಿಲ್ಲಿಸಿದರೆ ಸವೆಯದ ಲೋಹದ ಮೇಲೆ ಬಿಗಿಯಾಗಿ ಕೂರುತ್ತದೆ. ಚಿಕ್ಕಪ್ಪ ಸೋಮಾರಿಯಾಗಿರಲಿಲ್ಲ. ಅವನು ಶಾಫ್ಟ್ ನೋಡಿದ್ದ, ಅಷ್ಟೇ. ಉಗುರೆಳೆದು ನೋಡುವಷ್ಟು ವ್ಯವಧಾನ ಅಪ್ಪನಿಗೆ ಇದ್ದಿದ್ದರೆ ಒಂದು ಮನೆ ಎರಡಾಗುತ್ತಿರಲಿಲ್ಲ.

ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಅಪ್ಪನ ಕಿವಿಗಳು ಅಪ್ಪನ ಮಾತಿಗಷ್ಟೇ ಮೀಸಲು. ಹಾಗಾಗಿ ಹೊಸ ಬೇರಿಂಗ್ ಹಾಕಿ, ಸೀಲ್‌ಗಳನ್ನು ಅವನು ಹೇಳಿದಂತೆಯೇ ತಳ ಮುಟ್ಟ ಹೊಡೆದಳು. ಎಲ್ಲ ಜೋಡಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೀಲ್ ಸೋರುತ್ತದೆಯೋ ನೋಡಲು ಆಯಿಲ್ ತೂತಿಗೆ ಗಾಳಿಯ ಕೈಪಂಪು ಸಿಕ್ಕಿಸಿದಳು.

"ಪರೀಕ್ಷೆ ಯಾಕೆ? ನಾನು ಹೇಳಿದ ಹಾಗೇ ಹಾಕಿದ್ದೀಯ ತಾನೆ?"

"ಹೌದು. ಅದಕ್ಕೇ."

ಎರಡು ಸಲ ಗಾಳಿ ಒತ್ತಿದ್ದೇ ತಡ, ಶಾಫ್ಟಿನ ಬುಡದಿಂದ ಗುಳ್ಳೆಗಳು ಸಾಲುಗಟ್ಟಿ ಎದ್ದವು.

"ಈಗಿನ ಸಾಮಾನೇ ಕಳಪೆ," ಎಂದ ಮೇಸ್ತ್ರಿ, ಕಿಂಚಿತ್ತೂ ಅಳುಕದೆ.

ಮಗಳು ಮೋಟಾರನ್ನು ತೊಟ್ಟಿಯಿಂದ ಮೇಲೆತ್ತಿದಳು. ಮತ್ತೆ ಎಲ್ಲ ಬಿಚ್ಚಿದಳು. ಅದೇ ಡಬ್ಬಿಯಿಂದ ಇನ್ನೊಂದು ಜೋಡಿ ತೆಗೆದು ಅಪ್ಪನಿಗೆ ಕಾಣುವಂತೆ ಎತ್ತಿ ಹಿಡಿದಳು. ಆಮೇಲೆ ಮೆಲ್ಲಗೆ ತಟ್ಟುತ್ತ ಬಂದು, ಎರಡು ಅಕ್ಕಿಕಾಳಿನಷ್ಟು ಉಳಿದಾಗ ನಿಲ್ಲಿಸಿದಳು. ಮೇಸ್ತ್ರಿ ಕುರ್ಚಿ ಬಿಟ್ಟು ಎದ್ದ.

"ಏನೇ ಅದು? ಅವನ ಚಾಳಿ ನಿಂಗೂ ಅಂಟ್ಕೊಂಡಿತಾ? ಸುತ್ತಿಗೆ ಕೊಡು ಇಲ್ಲಿ."

"ಕೊಡಲ್ಲ." ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ಒಂದ್ಸಲ ಕೊಟ್ಟಿದ್ದೇ ಸಾಕು."

ಎಲ್ಲ ಜೋಡಿಸಿ ಮತ್ತೆ ತೊಟ್ಟಿಗಿಳಿಸಿ ಪಂಪು ಒತ್ತಿದಳು. ಹಿಡಿ ಬಿಗಿಯಾಗುವವರೆಗೆ ಒತ್ತಿದಳು. ಒಂದು ಗುಳ್ಳೆಯೂ ಏಳಲಿಲ್ಲ. ತೊಟ್ಟಿಯ ನೀರಿನಲ್ಲಿ ಬಗ್ಗಿ ನೋಡುತ್ತಿದ್ದ ಮೇಸ್ತ್ರಿಯ ಮುಖದ ಬಿಂಬ ಅಲುಗದೆ ನಿಂತಿತ್ತು, ಮತ್ತು ಅವನಿಗೆ ಅದನ್ನು ನೋಡುವುದು ಅಷ್ಟೇನೂ ಹಿತವಾದಂತೆ ಕಾಣಲಿಲ್ಲ.

"ಶಾಫ್ಟಲ್ಲಿ ಗೀರಿತ್ತಾ?" ಎಂದ ಕೊನೆಗೆ.

"ಇದೆ. ಅವತ್ತೂ ಇತ್ತು. ನೋಡು ಅಂದಿದ್ದ ಚಿಕ್ಕಪ್ಪ."

ಮೇಸ್ತ್ರಿ ತೊಟ್ಟಿಯಿಂದ ಮುಖ ಎತ್ತಿದ. "ಹಂಗಾದ್ರೆ ಅವನಿಗೆ ಒಂದು ಮಾತು ಹೇಳಿ ಕಳಿಸು."

"ನಾನ್ಯಾಕೆ? ಬೈದಿದ್ದು ನೀನು. ಈ ದೋಣಿ ಹೇಗೂ ಆಚೆ ದಡಕ್ಕೇ ಹೋಗುತ್ತೆ. ನೀನೇ ಹತ್ತು."

ಅರ್ಧ ಗಂಟೆ ಮೇಸ್ತ್ರಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬೈದ: ಕುರ್ಚಿಯ ಕಾಲು, ತೊಟ್ಟಿಯ ಪಾಚಿ, ದೋಣಿಯವನ ಹಗ್ಗ. ಬೈಯಲು ಏನೂ ಉಳಿಯದಾದಾಗ ಒಗೆದ ಅಂಗಿ ಹಾಕಿಕೊಂಡು ದೋಣಿ ಹತ್ತಿದ. ಅದರಲ್ಲಿ ಆಗಲೇ ನಾಲ್ಕಾರು ಜನ ಕೂತಿದ್ದರು. ಆಚೆ ದಡಕ್ಕೆ ಬೆನ್ನು ಹಾಕಿ ಕೂರಲು ಹೋದವನು, ದಡದ ಮೇಲೆ ನಿಂತು ನೋಡುತ್ತಿದ್ದ ಮಗಳನ್ನು ಕಂಡು ತಿರುಗಿ ಕೂತ.

ದೋಣಿಯವನು ಮೋಟಾರಿನ ಹಗ್ಗಕ್ಕೆ ಕೈ ಹಾಕಿ ಅನುಮಾನಿಸಿದ. "ಸೀಲ್ ಸ್ವಲ್ಪ ಈಚೆಗೇ ಇದೆಯಂತಲ್ಲ ಮೇಸ್ತ್ರಿ. ಮತ್ತೆ ನೀರು ಹೋಗಲ್ವಾ?"

"ಬಾಯಿ ಮುಚ್ಕೊಂಡು ನಡಿ," ಎಂದ ಮೇಸ್ತ್ರಿ, ದೋಣಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಅದು ನನ್ನ ತಮ್ಮನ ಕೆಲಸ."