ಪೌಡರ್ ಹಚ್ಚಿದ ಚಿತ್ರ

ನಾನು ಹಲ್ಲಿನ ಎಕ್ಸ್‌ರೇ ಹಿಡಿಯುವ ಸೆನ್ಸರ್. ಅಂಚೆಚೀಟಿಯಷ್ಟಗಲದ ಮೈ, ಇಲಿಯ ಬಾಲದಂಥ ತಂತಿ. ಧೂಳಿಲ್ಲದ ಯಾವುದೋ ಕಾರ್ಖಾನೆಯಲ್ಲಿ ಮುಖ ಮುಚ್ಚಿಕೊಂಡ ಹೆಂಗಸರು ನನ್ನನ್ನು ಜೋಡಿಸಿದರು. ಅಲ್ಲಿಂದ ಶಿರಾದ ಒಂದು ಹಲ್ಲಿನ ಕ್ಲಿನಿಕ್ಕಿಗೆ ಬಂದೆ. ಅಂದಿನಿಂದ ಎಲೆಅಡಿಕೆ, ಬೀಡಿ, ಬೆಳ್ಳುಳ್ಳಿ, ಎಲ್ಲ ಬಾಯಿಗಳ ವಾಸನೆಯನ್ನೂ ಸಹಿಸಿದ್ದೇನೆ.

ಮೊದಲ ಒಡತಿ ಡಾಕ್ಟರ್ ಅನಸೂಯಮ್ಮ. ಕಂಡದ್ದನ್ನು ಕಂಡ ಹಾಗೇ, ಒರಟೊರಟಾಗಿ ಕಂಪ್ಯೂಟರಿಗೆ ಕಳಿಸುವುದು ನನ್ನ ಕೆಲಸ. ಅದನ್ನು ನುಣುಪು ಮಾಡುವ ಫಿಲ್ಟರ್ ಒಂದು ಕಂಪ್ಯೂಟರಿನಲ್ಲಿತ್ತು. ಅನಸೂಯಮ್ಮ ಅದನ್ನು ಮುಟ್ಟುತ್ತಿರಲಿಲ್ಲ. "ಚಿತ್ರಕ್ಕೆ ಪೌಡರ್ ಹಚ್ಚಬೇಡ್ರಪ್ಪ" ಎನ್ನುತ್ತಿದ್ದರು. ಚಿತ್ರ ನೋಡಿದ ಮೇಲೂ ಬೆರಳಿಟ್ಟು ಹಲ್ಲು ಅಲ್ಲಾಡಿಸಿ ನೋಡುತ್ತಿದ್ದರು.

ಅವರ ನಂತರ ಕ್ಲಿನಿಕ್ಕು ಡಾಕ್ಟರ್ ಪ್ರದ್ಯುಮ್ನರ ಕೈಗೆ ಬಂತು. ಅವರಿಗೆ ಚಿತ್ರ ಚೆಂದ ಕಾಣಬೇಕು. ಒಮ್ಮೆ ಹಾಕಿದ ಫಿಲ್ಟರನ್ನು ತೆಗೆಯಲೇ ಇಲ್ಲ.

ಓಲಗ ಊದುವ ಗಂಗಹನುಮಯ್ಯನವರು ಬಂದದ್ದು ಆಗ.

"ಪೀಪಿ ಬಾಯ್ಗಿಟ್ರೆ ಮುಂದಿನ್ ಹಲ್ಲು ಅಲ್ಲಾಡ್ತವೆ ಸಾರ್. ಊರೋರ ಧಾರೆಗೆಲ್ಲ ಊದಿವ್ನಿ, ನನ್ ಮಗಳ ಧಾರೆಗೂ ನಾನೇ ಊದ್ಬೇಕು."

ನನ್ನನ್ನು ಅವರ ಬಾಯೊಳಗಿಟ್ಟರು. ಎರಡು ಹಲ್ಲುಗಳ ನಡುವೆ ಮೂಳೆ ಸವೆದು ಸಣ್ಣ ಗುಳಿ ಬಿದ್ದಿತ್ತು. ಕಂಡೆ, ಕಳಿಸಿದೆ. ಫಿಲ್ಟರ್ ಒರಟಿನ ಜೊತೆಗೆ ಗುಳಿಯ ಅಂಚನ್ನೂ ಒರೆಸಿಹಾಕಿತು.

"ಏನಿಲ್ಲ ಯಜಮಾನ್ರೇ, ಮೂಳೆ ಗಟ್ಟಿಯಾಗಿದೆ. ಕ್ಲೀನ್ ಮಾಡಿಸ್ಕೊಂಡು ಹೋಗಿ," ಎಂದರು ಡಾಕ್ಟರು. ಬೆರಳಿಟ್ಟು ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ದಿನವೆಲ್ಲ ಬಾಯೊಳಗಿದ್ದರೂ ನನಗೊಂದು ಬಾಯಿಲ್ಲ.

ಎರಡು ವರ್ಷ ಕಳೆದು ಗಂಗಹನುಮಯ್ಯನವರು ಮತ್ತೆ ಬಂದರು. ಗುಳಿ ಈಗ ಹಳ್ಳವಾಗಿತ್ತು, ಯಾವ ಪೌಡರಿಗೂ ಮುಚ್ಚಲಾಗದಷ್ಟು. ಡಾಕ್ಟರು ಹಳೆಯ ಚಿತ್ರ ತೆರೆದು, ಮೊದಲ ಸಲ ಫಿಲ್ಟರ್ ತೆಗೆದರು. ನಾನು ಅಂದು ಕಳಿಸಿದ ಗುಳಿ ಅಲ್ಲೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಗಂಗಹನುಮಯ್ಯನವರಿಗೆ ಕಾಣದ ಹಾಗೆ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಬರೋದು ತಡ ಮಾಡಿದ್ರಿ ಯಜಮಾನ್ರೇ. ಮುಂದಿನ ನಾಲ್ಕೂ ತೆಗೀಬೇಕು."

"ಬರೋ ತಿಂಗ್ಳು ಮಗಳ ಮದ್ವೆ ಸಾರ್..." ಗಂಗಹನುಮಯ್ಯನವರು ಕೈಮುಗಿದರು. "ನಂದೇ ತಪ್ಪು ಬುಡಿ. ಇನ್ನೊಂದ್ ದಪ ಬಂದು ತೋರುಸ್ಬೇಕಿತ್ತು."

ಡಾಕ್ಟರು ಹೌದೆಂಬಂತೆ ತಲೆಯಾಡಿಸಿದರು.

ಈಗ ನನ್ನ ತಂತಿ ಕಡಿದಿದೆ. ಮೇಜಿನ ಕೆಳಗಿನ ಡ್ರಾಯರಿನಲ್ಲಿ ಬಿದ್ದಿದ್ದೇನೆ. ಸಾವಿರಾರು ಬಾಯಿಗಳು ಮರೆತುಹೋಗಿವೆ, ಆ ಮುಗಿದ ಕೈ ಮಾತ್ರ ಮರೆಯುತ್ತಿಲ್ಲ. ಅವರು ತಡ ಮಾಡಿರಲಿಲ್ಲ. ಸರಿಯಾದ ಹೊತ್ತಿಗೇ ಬಂದಿದ್ದರು.