ಇಲ್ಲಿ ಯಾರಿಲ್ಲ

"ಇಲ್ಲಿ ಯಾರಿಲ್ಲ?"

ಇಷ್ಟು ಕೇಳಿ ಡಾಕ್ಟರ್ ಅರ್ನೆಸ್ಟೀನ್ ಪೆಟ್‌ವೇ ಸುಮ್ಮನೆ ನಿಂತುಬಿಟ್ಟರು. ಕೋಟು ಬಿಚ್ಚಿರಲಿಲ್ಲ. ನೇರಳೆ ಬಣ್ಣದ ಹ್ಯಾಟನ್ನೂ ತೆಗೆದಿರಲಿಲ್ಲ. ಸೆಂಟರಿನ ಸಿಬ್ಬಂದಿಯೆಲ್ಲ ಉದ್ದನೆಯ ಮೇಜಿನ ಸುತ್ತ ಕೂತು ಬೆರಳಿಗಂಟಿದ ಡೋನಟ್ಟಿನ ಸಕ್ಕರೆ ಒರೆಸಿಕೊಳ್ಳುತ್ತಿದ್ದರು.

ಪ್ರಶ್ನೆಯೇನೂ ಹೊಸದಲ್ಲ. ಓಹಾಯೋದ ಆ ಊರಿನ ಕಾಲೇಜಿನಲ್ಲಿ ಸಮುದಾಯ ಮನಶ್ಶಾಸ್ತ್ರ ಕಲಿಸಿದಷ್ಟು ವರ್ಷವೂ ಅರ್ನೆಸ್ಟೀನ್ ಇದನ್ನು ಕೇಳದೆ ಪಾಠ ಶುರು ಮಾಡಿದವರೇ ಅಲ್ಲ. ಯಾರ ಬದುಕಿನ ಬಗ್ಗೆ ಮಾತಾಡಲು ಕೂತಿದ್ದೀರೋ ಅವರು ಕೋಣೆಯಲ್ಲಿಲ್ಲವೇ? ಹಾಗಾದರೆ ಮೊದಲು ಅವರ ಹೆಸರು ಹೇಳಿ, ಆಮೇಲೆ ಪುಸ್ತಕ ತೆಗೆಯಿರಿ. ಜನರ ತಲೆ ರಿಪೇರಿಗೆ ಹೊರಡುವ ಮುಂಚೆ ಅವರ ಬೀದಿಯನ್ನು ಯಾರು ಕೆಡಿಸಿದರು ಅಂತ ನೋಡಿ. ಇದೇ ಅವರ ವಿದ್ಯೆ. ಊರಿನ ಸಮಾಜಸೇವಾ ಕಚೇರಿಗಳಲ್ಲಿ ಅರ್ಧಕ್ಕರ್ಧ ಜನ ಅವರ ಕೈಕೆಳಗೆ ಕಲಿತವರು. ಈ ಸೆಂಟರಿನ ನಿರ್ದೇಶಕಿ ಹೈಡಿಯೂ ಅವರಲ್ಲೊಬ್ಬಳು, ಒಳ್ಳೆಯ ಮಾರ್ಕು ತೆಗೆದ ಬಿಳಿಯರ ಹುಡುಗಿ.

ಬೇರೆಯಾದ ಗಂಡಹೆಂಡಿರು ಕೋರ್ಟಿನ ಅಪ್ಪಣೆಯಂತೆ ತಮ್ಮ ಮಕ್ಕಳನ್ನು ಸಿಬ್ಬಂದಿಯ ಕಣ್ಣೆದುರಲ್ಲೇ ನೋಡಿ ಹೋಗುವ ಜಾಗ ಅದು. ಹೋದ ತಿಂಗಳು ರಾಂಡೆಲ್ ಗೇನ್ಸ್ ಎಂಬ ಕಪ್ಪು ಜನಾಂಗದ ತಂದೆ ತನ್ನ ಸರದಿಗಿಂತ ಮುಂಚೆಯೇ ಬಂದಿದ್ದ. ಶನಿವಾರ ಬಸ್ಸು ಕಡಿಮೆ, ತಡವಾದರೆ ಮಗಳ ಮುಖ ನೋಡುವುದು ತಪ್ಪುತ್ತದೆ ಅಂತ. ಹೊರಗೆ ಹಿಮ ಸುರಿಯುತ್ತಿತ್ತು. ಒಳಗೆ, ಅವನಂತೆಯೇ ಮುಂಚೆ ಬಂದ ಬಿಳಿಯ ಅಜ್ಜಿಯೊಬ್ಬಳು ಹಾಯಾಗಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ರಿಸೆಪ್ಷನ್ ಕೌಂಟರಿನಲ್ಲಿದ್ದ ಲೊರೇನ್ ಅವಳಿಗೆ ಏನೂ ಹೇಳಲಿಲ್ಲ, ಇವನಿಗೆ ಮಾತ್ರ ಹೊರಗೆ ಕಾಯಲು ಹೇಳಿದಳು. "ಇಲ್ಲೇ ಕೂತಿರ್ತೀನಿ ಬಿಡಿ, ಯಾರಿಗೂ ತೊಂದ್ರೆ ಕೊಡಲ್ಲ" ಅಂದ. ಅವಳು ಪೊಲೀಸರಿಗೆ ಫೋನ್ ಮಾಡಿದಳು. ಮಗಳು ನಿಯಾ ಬಾಗಿಲು ದಾಟಿ ಒಳಗೆ ಬಂದಾಗ ಅಪ್ಪನ ಕೈಗೆ ಕೋಳ ಬಿದ್ದಿತ್ತು.

ಅವತ್ತಿನಿಂದ ಅವನು ಮಗಳನ್ನು ನೋಡಿಲ್ಲ. ಇನ್ನು ನೋಡಬಹುದೋ ಇಲ್ಲವೋ ಎಂಬುದು ಸೋಮವಾರ ಕೋರ್ಟಿನಲ್ಲಿ ತೀರ್ಮಾನ. ತಪ್ಪು ನಮ್ಮದು ಅಂತ ಸೆಂಟರಿನವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬದಲಿಗೆ, ಅವನ ಜನಾಂಗದವರೇ ಆದ ಅರ್ನೆಸ್ಟೀನ್ ಅವರನ್ನು ಕರೆಸಿ ಸಿಬ್ಬಂದಿಗೆ ವರ್ಣಭೇದದ ಬಗ್ಗೆ ಈ ತರಬೇತಿ ಇಟ್ಟುಕೊಂಡರು.

"ಮೇಡಂ, ಆ ಪ್ರಶ್ನೆ ಇವತ್ತು ಬೇಡ," ಹೈಡಿ ತಗ್ಗಿದ ದನಿಯಲ್ಲಿ ಹೇಳಿದಳು. "ಅವ್ರ ಹೆಸರೆತ್ತಬಾರ್ದು ಅಂತ ವಕೀಲ್ರು ಹೇಳಿದ್ದಾರೆ."

"ನಿನಗೆ ಪಾಠ ಹೇಳಿದ್ದು ವಕೀಲ್ರಾ, ನಾನಾ?"

"ನೀವು ಬಂದು ತರಬೇತಿ ಕೊಟ್ರಿ ಅಂದ್ರೆ ಕೋರ್ಟಲ್ಲಿ ನಮಗೂ ಒಂದು ಬಲ..."

"ಅವನಿಗೆ ಮಗಳು ಸಿಗಬಾರ್ದು, ನಿನ್ನ ಗೋಡೆಗೆ ನನ್ನ ಸಹಿ ಇರೋ ಸರ್ಟಿಫಿಕೇಟು ಸಿಗ್ಬೇಕು. ಚೆನ್ನಾಗಿದೆ ಕಣಮ್ಮ."

ಮೇಜಿನ ಕೊನೆಯಲ್ಲಿದ್ದವನೊಬ್ಬ ಮಾತಿನ ಕಾವು ಇಳಿಸಲು ತಟ್ಟೆ ಮುಂದೆ ತಳ್ಳಿದ. "ಡಾಕ್ಟ್ರೇ, ಮೊದ್ಲು ಒಂದು ಡೋನಟ್ ತಗೊಳ್ಳಿ."

"ಡೋನಟ್ ತಿಂದು ವರ್ಣಭೇದ ಹೋಗೋದಾಗಿದ್ರೆ, ಅಪ್ಪಾ, ನಮ್ಮಜ್ಜಿ ಕಾಲಕ್ಕೇ ಈ ದೇಶ ಚೊಕ್ಕಟವಾಗಿರೋದು."

ಅರ್ನೆಸ್ಟೀನ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ಕಲಿಸಿದ್ದೆಲ್ಲ ಈ ಹುಡುಗಿಗೆ ಬಾಯಿಪಾಠವಿದೆ, ಅದೇ ಬಾಯಿ ಈಗ ಬೇಡ ಅನ್ನುತ್ತಿದೆ. ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದು ಇದಕ್ಕಾ? ಕೈಚೀಲ ಎತ್ತಿಕೊಂಡು ಹೊರಟರು. ಮನೆಗೆ ಹೋಗುತ್ತಾರೆ ಅಂದುಕೊಂಡು ಹೈಡಿ ಹಿಂದೆಯೇ ಓಡಿಬಂದಳು, ಉಳಿದವರೂ ಎದ್ದು ಬಂದರು. ಅರ್ನೆಸ್ಟೀನ್ ಜನ ಕಾಯುವ ಕೋಣೆಯ ನಡುವೆ ನಿಂತಿದ್ದರು.

"ಅವನು ಕೂತಿದ್ದ ಕುರ್ಚಿ ಯಾವುದು?"

"ಕಿಟಕಿ ಪಕ್ಕದ್ದು," ಅಂದಳು ಎಲ್ಲರ ಹಿಂದೆ ನಿಂತಿದ್ದ ಲೊರೇನ್. ಇಡೀ ಬೆಳಿಗ್ಗೆ ಅವಳಾಡಿದ್ದ ಮೊದಲ ಮಾತು ಅದು.

ಅರ್ನೆಸ್ಟೀನ್ ಅದರಲ್ಲೇ ಕೂತರು. ಕೈಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. "ನನ್ನ ಪಾಠಕ್ಕೆ ಬರಬೇಕಾದವರು ಇನ್ನೂ ಬಂದಿಲ್ಲ. ಬರೋತನಕ ಇಲ್ಲೇ ಕೂತಿರ್ತೀನಿ, ಯಾರಿಗೂ ತೊಂದ್ರೆ ಕೊಡಲ್ಲ. ತೊಂದ್ರೆ ಅನ್ನಿಸಿದ್ರೆ ಪೊಲೀಸ್ರನ್ನ ಕರೀರಿ. ಫೋನ್ ಅಲ್ಲೇ ಇದೆಯಲ್ಲ."

"ಮೇಡಂ, ದಯವಿಟ್ಟು. ಎಲ್ರೂ ಕಾಯ್ತಿದ್ದಾರೆ."

"ಕಾಯ್ಲಿ. ಅವನೂ ಕಾದ."

ಹೈಡಿಯ ಮುಖ ಕೆಂಪಾಯಿತು. ಯಾರೂ ಒಳಗೆ ಹೋಗಲೊಲ್ಲರು, ಹೊರಗೆ ಬರಲೊಲ್ಲರು, ಬಾಗಿಲಲ್ಲೇ ಗುಂಪುಗೂಡಿದ್ದರು. ಲೊರೇನ್ ಮಾತ್ರ ಅವರ ನಡುವೆ ದಾರಿ ಮಾಡಿಕೊಂಡು ತನ್ನ ಕೌಂಟರಿನ ಹಿಂದೆ ಹೋಗಿ ನಿಂತಳು. ನಿವೃತ್ತಿ ಹತ್ತಿರದಲ್ಲಿದ್ದ ಹೆಂಗಸು. ಭೇಟಿಗೆ ಬರುವವರ ರಿಜಿಸ್ಟರ್ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಅವತ್ತು ಎತ್ತಿದ್ದ ಫೋನನ್ನೇ ಎತ್ತಿಕೊಂಡಳು.

"ಲೊರೇನ್, ಬೇಡ," ಅಂದಳು ಹೈಡಿ. "ನಿನ್ನ ಕೆಲಸ ಹೋಗುತ್ತೆ. ಆಮೇಲೆ ನಾನೇನೂ ಮಾಡೋಕಾಗಲ್ಲ."

ಲೊರೇನ್ ನಂಬರು ಒತ್ತಿದಳು. ಆ ಕಡೆ ರಿಂಗಾಗುವುದು ಕಿಟಕಿಯ ಹತ್ತಿರಕ್ಕೂ ಸಣ್ಣಗೆ ಕೇಳುತ್ತಿತ್ತು.

"ಮಿಸ್ಟರ್ ಗೇನ್ಸ್ ಅವ್ರಾ? ನಾನು ಲೊರೇನ್. ಸೆಂಟರಿಂದ. ಫೋನ್ ಇಡ್ಬೇಡಿ, ಒಂದ್ನಿಮಿಷ. ಅವತ್ತು ನೀವೇನೂ ಮಾಡ್ಲಿಲ್ಲ. ಸುಮ್ನೆ ಕೂತಿದ್ರಿ. ಪೊಲೀಸ್ರನ್ನ ಕರೆದದ್ದು ನನ್ನ ತಪ್ಪು. ಸೋಮವಾರ ಕೋರ್ಟಿಗೆ ಬಂದು ಜಡ್ಜ್ ಮುಂದೆಯೂ ಇದನ್ನೇ ಹೇಳ್ತೀನಿ."

ಆ ಕಡೆಯ ಗಂಡಸಿನ ದನಿ ಏನೋ ಪ್ರಶ್ನೆ ಕೇಳಿತು. ಲೊರೇನ್ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು.

"ಹೂಂ, ಈಗ್ಲೇ ಬರಬಹುದು," ಅಂದಳು. "ಒಳಗೇ ಬಂದು ಕೂತ್ಕೊಳ್ಳಿ."

ಅರ್ನೆಸ್ಟೀನ್ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ನೆಲಕ್ಕಿಟ್ಟರು.